ಜರ್ಮನಿಯಲ್ಲಿ ಓದುವಾಗ ಅಲ್ಲಿನ ಹಬ್ಬ, ಆಟ, ನಾಟಕ: ಯಾವುದಕ್ಕೆ ಯಾವಾಗ, ಹೇಗೆ ಹೋಗಬೇಕು

ಜರ್ಮನಿಗೆ ಓದಲು ಹೊರಟವರು ವೀಸಾ, ಖರ್ಚಿನ ಹಣ ಮುಂಗಡವಾಗಿ ಇಡುವ ಬ್ಲಾಕ್ಡ್ ಅಕೌಂಟ್, ವಿಳಾಸ ನೋಂದಣಿ, ವಿಮೆ ಎಂದು ಪಟ್ಟಿ ಮಾಡಿಕೊಂಡೇ ವಿಮಾನ ಹತ್ತುತ್ತಾರೆ. ಅಲ್ಲಿನ ಹಬ್ಬ, ಆಟ, ನಾಟಕಗಳ ಪಟ್ಟಿ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹೋದಮೇಲೆ ಹೇಗೋ ನೋಡಿದರಾಯಿತು ಎಂಬ ಧೈರ್ಯ. ನಮ್ಮೂರ ಜಾತ್ರೆಗೆ ಆ ಧೈರ್ಯ ಸಾಕು. ತೇರು ಎಳೆಯುವ ಹೊತ್ತಿಗೆ ಹೋಗಿ ನಿಂತರೆ ಜನವೇ ನಿಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಜರ್ಮನಿಯಲ್ಲಿ ಮೋಜಿಗೂ ನೋಂದಣಿ ಇದೆ. ನೋಂದಣಿ ತೆರೆಯುವ ದಿನ ಇದೆ, ಗಂಟೆಯೂ ಇದೆ. ಅದು ತಪ್ಪಿದರೆ ಆರು ತಿಂಗಳು ಕಾಯಬೇಕು. ಜರ್ಮನ್ನರು ಒರಟರು, ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಎಂಬ ದೂರಿನಲ್ಲಿ ಅರ್ಧದಷ್ಟು ಈ ತಾರೀಖು ತಪ್ಪಿಸಿಕೊಂಡವರದ್ದು.

ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ನಡೆಯುವುದು ಸುಮಾರು ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ. ಬೇಸಿಗೆಯ ಸೆಮಿಸ್ಟರ್ ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಕೆಳಗಿನದನ್ನೆಲ್ಲ ಈ ಚೌಕಟ್ಟಿನಲ್ಲಿಟ್ಟು ಓದಿಕೊಳ್ಳಿ. ಹೆಚ್ಚಿನವರು ಬರುವುದು ಸೆಪ್ಟೆಂಬರ್ ಕೊನೆಗೆ, ಹಾಗಾಗಿ ಅಲ್ಲಿಂದಲೇ ಶುರು.

ಮೊದಲ ಹದಿನೈದು ದಿನ: ಆಟದ ಕೋರ್ಸು

ಬಹುತೇಕ ಪ್ರತಿ ವಿಶ್ವವಿದ್ಯಾಲಯದಲ್ಲೂ ಹೋಖ್‌ಶೂಲ್‌ಷ್ಪೋರ್ಟ್ ಎಂಬ ಕ್ರೀಡಾ ವಿಭಾಗ ಇರುತ್ತದೆ. ಬ್ಯಾಡ್ಮಿಂಟನ್, ವಾಲಿಬಾಲ್, ಗೋಡೆ ಹತ್ತುವುದು, ದೋಣಿ ಹುಟ್ಟು ಹಾಕುವುದು, ಸಾಲ್ಸಾ, ಕೆಲವು ಕಡೆ ಮಂಜಿನ ಮೇಲಿನ ಸ್ಕೀ ಪ್ರವಾಸ ಕೂಡ. ಹೊರಗಿನ ಜಿಮ್ಮಿಗೆ ಒಂದು ತಿಂಗಳಿಗೆ ಕೊಡುವಷ್ಟರಲ್ಲಿ ಇಲ್ಲಿ ಅನೇಕ ಕೋರ್ಸುಗಳು ಇಡೀ ಸೆಮಿಸ್ಟರ್‌ಗೆ ಸಿಗುತ್ತವೆ. ತೊಂದರೆ ಒಂದೇ: ಜನಪ್ರಿಯ ಕೋರ್ಸುಗಳು ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ತುಂಬುತ್ತವೆ. ತತ್ಕಾಲ್ ಟಿಕೆಟ್ ಬುಕ್ ಮಾಡಿ ಕೈ ಪಳಗಿದವರಿಗೆ ಇದು ಹೊಸದಲ್ಲ.

ಮೊದಲು ಕ್ರೀಡಾ ವಿಭಾಗದ ಪುಟದಲ್ಲಿ ಬುಕಿಂಗ್ ದಿನ ನೋಡಿ ಫೋನಿನಲ್ಲಿ ಅಲಾರಂ ಇಡಿ; ಕೆಲವು ಕಡೆ ಬೇರೆ ಬೇರೆ ಆಟಕ್ಕೆ ಬೇರೆ ಬೇರೆ ದಿನ ಇರುತ್ತದೆ. ಬೇಕಾದ ಕೋರ್ಸಿನ ನಂಬರ್ ಬರೆದಿಟ್ಟುಕೊಳ್ಳಿ, ಜೊತೆಗೆ ಎರಡು ಬದಲಿ ಕೋರ್ಸುಗಳದ್ದೂ ಇರಲಿ. ವಿದ್ಯಾರ್ಥಿ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಐಬಾನ್ ಸಂಖ್ಯೆ ಕೈಗೆ ಸಿಗುವಂತಿರಲಿ, ಏಕೆಂದರೆ ಶುಲ್ಕ ಸಾಮಾನ್ಯವಾಗಿ ಖಾತೆಯಿಂದಲೇ ಕಡಿತವಾಗುತ್ತದೆ. ಖಾತೆ ಇನ್ನೂ ತೆರೆದಿಲ್ಲವೆಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಬಂದ ಮೊದಲ ವಾರವೇ ಖಾತೆ ತೆರೆಯಲು ಇದೂ ಒಂದು ಕಾರಣ. ಸೀಟು ಸಿಗದಿದ್ದರೆ ಕಾಯುವ ಪಟ್ಟಿ ನೋಡಿ. ಮೂರನೆಯ ವಾರದ ಹೊತ್ತಿಗೆ ಜನ ಕರಗುತ್ತಾರೆ. ಆಗ ತರಬೇತುದಾರರನ್ನು ನೇರವಾಗಿ ಕೇಳಿದರೆ ಜಾಗ ಸಿಗುವುದುಂಟು.

ಹಾಲ್ ಒಳಗಿನ ಆಟಕ್ಕೆ ನೆಲಕ್ಕೆ ಗೀರು ಬೀಳದ ಅಡಿಯ ಶೂ ಬೇಕು, ಅದನ್ನು ಬೀದಿಯಲ್ಲಿ ಹಾಕಿರಬಾರದು. ಅದಿಲ್ಲದೆ ಹೋದರೆ ಬರಿಗಾಲಲ್ಲಿ ನೋಡುತ್ತ ಕೂರಿಸುತ್ತಾರೆ. ಊರಿಂದ ಬರುವಾಗಲೇ ಒಂದು ಜೊತೆ ತನ್ನಿ.

ಕ್ಯಾಂಪಸ್ಸಿನ ಆಚೆ ಇರುವುದು ಫೆರೈನ್, ಅಂದರೆ ನೋಂದಾಯಿತ ಸಂಘ. ಕಾನೂನಿನ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು, ಹಾಗಾಗಿ ಚಿಕ್ಕ ಊರಿನಲ್ಲೂ ಟೇಬಲ್ ಟೆನಿಸ್, ಚೆಸ್, ಗಾಯನ ವೃಂದ, ಬೆಟ್ಟ ನಡಿಗೆ, ಕೆಲವು ಕಡೆ ಕ್ರಿಕೆಟ್‌ಗೂ ಸಂಘಗಳಿವೆ. ಜರ್ಮನ್ ಗೆಳೆತನ ಬೆಳೆಯುವುದು ತರಗತಿಯಲ್ಲಿ ಅಲ್ಲ, ಇಲ್ಲಿ: ಅದೇ ಮುಖಗಳು, ಅದೇ ವಾರ, ಅದೇ ಗಂಟೆ, ಮೂರು ತಿಂಗಳು. ಸೇರುವ ಮುಂಚೆ ಒಂದೆರಡು ಸಲ ಉಚಿತವಾಗಿ ಆಡಿ ನೋಡಬಹುದು; ಅದಕ್ಕೆ ಪ್ರೋಬೆಟ್ರೈನಿಂಗ್ ಎನ್ನುತ್ತಾರೆ. ಸಹಿ ಹಾಕುವಾಗ ಬಿಡುವ ನಿಯಮ ಓದಿ. ಹಲವು ಸಂಘಗಳಲ್ಲಿ ವರ್ಷದ ಕೊನೆಗೆ ಮಾತ್ರ ಬಿಡಬಹುದು, ಅದಕ್ಕೂ ವಾರಗಟ್ಟಲೆ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಹೋಗುವುದು ನಿಲ್ಲಿಸಿದರೆ ಸದಸ್ಯತ್ವ ತಾನಾಗಿ ನಿಲ್ಲುತ್ತದೆ ಎಂದುಕೊಂಡವರಿಗೆ ಮುಂದಿನ ಜನವರಿಯಲ್ಲೂ ಖಾತೆಯಿಂದ ಹಣ ಹೋಗುತ್ತದೆ.

ಫುಟ್ಬಾಲ್: ಕೂತು ನೋಡಬೇಡಿ

ಜರ್ಮನಿಯ ಮೊದಲ ದರ್ಜೆಯ ಫುಟ್ಬಾಲ್ ಲೀಗ್ ಬುಂಡೆಸ್‌ಲೀಗಾದಲ್ಲಿ 18 ತಂಡಗಳು, ಒಂದೊಂದಕ್ಕೆ 34 ಪಂದ್ಯ, ಆಗಸ್ಟ್‌ನಿಂದ ಮೇವರೆಗೆ. ಶನಿವಾರ ಮಧ್ಯಾಹ್ನ 15:30 ಪಂದ್ಯದ ಪ್ರಶಸ್ತ ಸಮಯ. ಇಲ್ಲಿನ ವಿಶೇಷ ನಿಂತು ನೋಡುವ ಕಟ್ಟೆ, ಷ್ಟೇಪ್ಲಾಟ್ಸ್. ಡಾರ್ಟ್ಮುಂಡ್ ಕ್ರೀಡಾಂಗಣದ ದಕ್ಷಿಣದ ಕಟ್ಟೆಯೊಂದರಲ್ಲೇ 24 ಸಾವಿರಕ್ಕೂ ಹೆಚ್ಚು ಜನ ನಿಲ್ಲುತ್ತಾರೆ. ಇಂಗ್ಲೆಂಡಿನ ದೊಡ್ಡ ಪಂದ್ಯಗಳ ಟಿಕೆಟ್ ದರ ಗೊತ್ತಿದ್ದವರಿಗೆ ನಿಂತು ನೋಡುವ ಇಲ್ಲಿನ ಟಿಕೆಟ್ ಅಗ್ಗ ಎನ್ನಿಸುತ್ತದೆ. ಕೆಲವು ಅಪವಾದ ಬಿಟ್ಟರೆ ಇಲ್ಲಿನ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಉಳಿಯಬೇಕು ಎಂಬ ನಿಯಮವಿದೆ. ಅಭಿಮಾನಿಗಳನ್ನು ಎದುರು ಹಾಕಿಕೊಂಡು ಬೆಲೆ ಏರಿಸುವುದು ಆಡಳಿತಕ್ಕೆ ಸುಲಭವಲ್ಲ.

ಅಗ್ಗ ಎಂದ ಮಾತ್ರಕ್ಕೆ ಸುಲಭ ಅಲ್ಲ. ದೊಡ್ಡ ಕ್ಲಬ್ಬುಗಳು ಮೊದಲು ಸದಸ್ಯರಿಗೆ ಮಾರುತ್ತವೆ, ಉಳಿದದ್ದು ಎಲ್ಲರಿಗೆ, ಸಾಮಾನ್ಯವಾಗಿ ಪಂದ್ಯಕ್ಕೆ ಕೆಲವು ವಾರ ಮುಂಚೆ. ಬಯರ್ನ್ ಅಥವಾ ಡಾರ್ಟ್ಮುಂಡ್ ಟಿಕೆಟ್ ಸಿಗದೆಂದು ಮರುಮಾರಾಟದ ಅನಧಿಕೃತ ತಾಣಗಳಿಗೆ ಹೋಗಬೇಡಿ. ಮೂರು ಪಟ್ಟು ಕೊಟ್ಟ ಟಿಕೆಟ್ಟನ್ನು ಕ್ಲಬ್ ರದ್ದು ಮಾಡಿದ್ದರೆ ಗೇಟಿನ ಯಂತ್ರ ಕೆಂಪು ದೀಪ ತೋರಿಸುತ್ತದೆ, ಅಷ್ಟೆ. ಕ್ಲಬ್ಬಿನದೇ ಅಧಿಕೃತ ಎರಡನೆಯ ಮಾರುಕಟ್ಟೆ ಇರುತ್ತದೆ. ಬರಲಾಗದ ಸದಸ್ಯರು ಅಲ್ಲಿ ಟಿಕೆಟ್ ಹಿಂತಿರುಗಿಸುತ್ತಾರೆ. ಪಂದ್ಯದ ಹಿಂದಿನ ಎರಡು ದಿನ ಅದನ್ನು ನೋಡುತ್ತಿರಿ. ಇನ್ನೂ ಒಳ್ಳೆಯ ದಾರಿ ಬೇಕೆಂದರೆ ಮೊದಲ ಪಂದ್ಯವನ್ನು ನಿಮ್ಮೂರಿನ ಎರಡನೆಯ ಅಥವಾ ಮೂರನೆಯ ದರ್ಜೆಯ ತಂಡದ್ದೇ ನೋಡಿ. ಹಾಡು, ಬಾವುಟ, ಸಿಟ್ಟು ಎಲ್ಲ ಅಲ್ಲೂ ಅಷ್ಟೇ ಇರುತ್ತದೆ, ಟಿಕೆಟ್ ಅನೇಕ ಕಡೆ ಹಿಂದಿನ ದಿನವೂ ಸಿಗುತ್ತದೆ.

ಖರೀದಿಸುವಾಗ ಮೂರು ವಿಷಯ. ಎರ್ಮೇಸಿಗ್ಟ್ ಎಂದಿದ್ದರೆ ರಿಯಾಯಿತಿ. ಹಲವು ಕ್ಲಬ್ಬುಗಳು ವಿದ್ಯಾರ್ಥಿಗಳಿಗೆ ಕೊಡುತ್ತವೆ, ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಗೆಸ್ಟೆಬ್ಲಾಕ್ ಎಂದಿದ್ದರೆ ಅದು ಎದುರಾಳಿ ಅಭಿಮಾನಿಗಳ ಜಾಗ, ಗೊತ್ತಿಲ್ಲದೆ ತೆಗೆದುಕೊಂಡೀರಿ. ಮೂರನೆಯದು, ಟಿಕೆಟ್ಟಿನ ಮೇಲೆ ಬಸ್ಸು-ಟ್ರಾಮಿನ ಗುರುತು ಇದ್ದರೆ ಆ ದಿನ ನಗರದ ಸಾರಿಗೆ ಅದರಲ್ಲೇ ಸೇರಿದೆ.

ಕ್ರೀಡಾಂಗಣಕ್ಕೆ ಎ-4 ಹಾಳೆಗಿಂತ ದೊಡ್ಡ ಚೀಲ ಬಹುತೇಕ ಬಿಡುವುದಿಲ್ಲ. ಲ್ಯಾಪ್‌ಟಾಪ್ ಹೊತ್ತು ಲೈಬ್ರರಿಯಿಂದ ನೇರ ಹೋದವರು ಚೀಲ ಇಡುವ ಸಾಲಿನಲ್ಲೇ ಮೊದಲ ಗೋಲು ಕಳೆದುಕೊಳ್ಳುತ್ತಾರೆ. ಗಾಜಿನ ಬಾಟಲಿ ಬೇಡ. ಒಳಗೆ ಅನೇಕ ಕಡೆ ನಗದು ನಡೆಯುವುದಿಲ್ಲ, ಕಾರ್ಡ್ ಇರಲಿ. ನಿಲ್ಲುವ ಕಟ್ಟೆಯಲ್ಲಿ ಸೀಟ್ ನಂಬರ್ ಇರುವುದಿಲ್ಲ, ಬ್ಲಾಕ್ ಒಳಗೆ ಮೊದಲು ಬಂದವರಿಗೆ ಮೊದಲ ಜಾಗ. ಪಂದ್ಯಕ್ಕೆ ಒಂದು ಗಂಟೆಗೂ ಮುಂಚೆ ಒಳಗಿರಿ. ಗೋಲಿನ ಹಿಂದಿನ ನಟ್ಟನಡು ಭಾಗ ಅಲ್ಟ್ರಾಗಳೆಂಬ ಕಟ್ಟಾ ಅಭಿಮಾನಿಗಳದ್ದು. ಅಲ್ಲಿ ನಿಂತರೆ ತೊಂಬತ್ತು ನಿಮಿಷ ಹಾಡಬೇಕು, ಫೋನ್ ಎತ್ತಿ ವಿಡಿಯೊ ಮಾಡಿದರೆ ಪಕ್ಕದವರು ಕೆಳಗಿಳಿಸಲು ಹೇಳುತ್ತಾರೆ, ದೊಡ್ಡ ಬಾವುಟ ಬೀಸುವಾಗ ಮೈದಾನವೇ ಕಾಣದು. ಮೊದಲ ಸಲ ಅಂಚಿಗೆ ನಿಲ್ಲುವುದು ಜಾಣತನ. ಬಟ್ಟೆಯ ಬಣ್ಣ ಎದುರಾಳಿ ತಂಡದ್ದಾಗದಿರಲಿ. ಡಾರ್ಟ್ಮುಂಡ್ ಕಟ್ಟೆಯಲ್ಲಿ ನೀಲಿ ಜಾಕೆಟ್ ಎಂದರೆ ಅವರ ಬದ್ಧ ಎದುರಾಳಿ ತಂಡ ಷಾಲ್ಕೆ. ನಿಮಗೆ ಅದು ಬರೀ ಜಾಕೆಟ್ ಇರಬಹುದು, ಅವರಿಗೆ ಅಲ್ಲ.

ಹಾಡು ಬಾರದಿದ್ದರೂ ಒಂದು ಪದ್ಧತಿ ಕಲಿತುಕೊಂಡು ಹೋಗಿ. ತವರು ತಂಡ ಗೋಲು ಹೊಡೆದಾಗ ಘೋಷಕ ಆಟಗಾರನ ಮೊದಲ ಹೆಸರನ್ನಷ್ಟೇ ಕೂಗುತ್ತಾನೆ, ಇಡೀ ಕ್ರೀಡಾಂಗಣ ಕುಲನಾಮ ಕೂಗುತ್ತದೆ, ಸಾಮಾನ್ಯವಾಗಿ ಮೂರು ಸಲ. ಆಮೇಲೆ ಅಂಕ ಕೂಗುವ ಸರದಿ. ಕೊನೆಗೆ ಘೋಷಕ "ಡಾಂಕೆ" (ಧನ್ಯವಾದ) ಅಂದರೆ ಜನ "ಬಿಟ್ಟೆ" (ಪರವಾಗಿಲ್ಲ) ಅನ್ನುತ್ತಾರೆ. ತಂಡದ ಆಟಗಾರರ ಹೆಸರನ್ನು ರೈಲಿನಲ್ಲೇ ಬಾಯಿಪಾಠ ಮಾಡಿಕೊಂಡರೆ ಸಾಕು.

ಡಿಸೆಂಬರ್ 23ಕ್ಕೆ ಬರ್ಲಿನ್‌ನಲ್ಲಿದ್ದರೆ ಯೂನಿಯನ್ ತಂಡದ ಕ್ರೀಡಾಂಗಣದಲ್ಲಿ ಪಂದ್ಯವಿಲ್ಲದೆಯೂ ಜನ ಸೇರುತ್ತಾರೆ. 2003ರಲ್ಲಿ 89 ಅಭಿಮಾನಿಗಳು ಮೈದಾನಕ್ಕೆ ನುಸುಳಿ ಕ್ರಿಸ್ಮಸ್ ಹಾಡು ಹಾಡಿದ್ದು ಈಗ ಹತ್ತಾರು ಸಾವಿರ ಜನ ಮೇಣದ ಬತ್ತಿ ಹಿಡಿದು ನಿಲ್ಲುವ ಸಂಪ್ರದಾಯವಾಗಿದೆ. ಇದಕ್ಕೂ ಟಿಕೆಟ್ ಇದೆ, ಇದೂ ಮುಂಚೆಯೇ ಮುಗಿಯುತ್ತದೆ.

ಕ್ರಿಸ್ಮಸ್ ಸಂತೆ: ಕಪ್, ಕಾಲು, ಹೊಟ್ಟೆ

ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ 23-24ರವರೆಗೆ ಪ್ರತಿ ಊರಿನ ಚೌಕದಲ್ಲೂ ವೈನಾಖ್ಟ್ಸ್‌ಮಾರ್ಕ್ಟ್. ಡ್ರೆಸ್ಡೆನ್‌ನದು 1434ರಿಂದ ನಡೆದು ಬಂದಿದೆ. ನ್ಯೂರೆಂಬರ್ಗ್‌ನದು ಮೊದಲ ಆಡ್ವೆಂಟ್ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಭಾನುವಾರದ ಹಿಂದಿನ ಶುಕ್ರವಾರ ಸಂಜೆ ಚರ್ಚಿನ ಮಾಳಿಗೆಯಿಂದ ಚಿನ್ನದ ಕಿರೀಟದ ಹುಡುಗಿಯೊಬ್ಬಳು ಪದ್ಯ ಹೇಳಿದ ಮೇಲೆ ತೆರೆಯುತ್ತದೆ. ನೋಡಬೇಕಾದ್ದೇ, ಆದರೆ ಶುಕ್ರವಾರ-ಶನಿವಾರದ ಸಂಜೆ ಇಂಥ ಹೆಸರಾಂತ ಸಂತೆಗೆ ಹೋದರೆ ನೋಡುವುದು ಮುಂದಿನವರ ಬೆನ್ನನ್ನು ಮಾತ್ರ. ಸೋಮವಾರದಿಂದ ಗುರುವಾರದೊಳಗೆ ನಾಲ್ಕು ಗಂಟೆಗೆ ಹೋಗಿ. ಆ ಹೊತ್ತಿಗೇ ಕತ್ತಲಾಗತೊಡಗಿ ದೀಪ ಹತ್ತಿರುತ್ತದೆ.

ಗ್ಲೂವೈನ್ ಎಂದರೆ ಚಕ್ಕೆ, ಲವಂಗ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸ, ಮದ್ಯವೇ. ಕುಡಿಯದವರು "ಕಿಂಡರ್‌ಪುನ್ಷ್" ಕೇಳಿ, ಅದೇ ಮಸಾಲೆಯ ಹಣ್ಣಿನ ರಸ. "ಮಿಟ್ ಷುಸ್" ಎಂದಿದ್ದರೆ ರಮ್ಮೋ ಇನ್ನೊಂದೋ ಹೆಚ್ಚುವರಿಯಾಗಿ ಸುರಿದಿದ್ದಾರೆ ಎಂದರ್ಥ. ಬೋರ್ಡಿನಲ್ಲಿ ನಾಲ್ಕು ಯೂರೋ ಎಂದಿದ್ದು ಎಂಟು ತೆಗೆದುಕೊಂಡರೆಂದು ಜಗಳಕ್ಕೆ ಹೋಗಬೇಡಿ. ಉಳಿದದ್ದು ಕಪ್ಪಿನ ಠೇವಣಿ, ಪ್ಫಾಂಡ್. ಕಪ್ಪು ವಾಪಸು ಕೊಟ್ಟರೆ ಹಣ ವಾಪಸು. ಕೆಲವು ಸಂತೆಗಳಲ್ಲಿ ಕಪ್ಪಿನ ಜೊತೆ ಒಂದು ಬಿಲ್ಲೆಯನ್ನೂ ಕೊಡುತ್ತಾರೆ, ಅದು ಕಳೆದರೆ ಠೇವಣಿ ಹೋಯಿತು. ಅನೇಕ ಸಂತೆಗಳ ಕಪ್ಪಿನ ಚಿತ್ರ ವರ್ಷ ವರ್ಷ ಬದಲಾಗುತ್ತದೆ. ಚೆಂದ ಕಂಡರೆ ಠೇವಣಿಯನ್ನೇ ಬೆಲೆ ಎಂದುಕೊಂಡು ಮನೆಗೆ ಒಯ್ಯಬಹುದು, ಕಳ್ಳತನವಲ್ಲ. (ಮ್ಯೂನಿಕ್‌ನ ಬಿಯರ್ ಹಬ್ಬ ಒಕ್ಟೋಬರ್‌ಫೆಸ್ಟ್‌ನ ಒಂದು ಲೀಟರ್ ಗಾಜಿನ ಮಗ್ ಒಯ್ದರೆ ಮಾತ್ರ ಅದು ಕಳ್ಳತನವೇ, ಗೇಟಿನಲ್ಲಿ ಹಿಡಿಯುತ್ತಾರೆ.) ಸಂತೆಯಲ್ಲಿ ಇನ್ನೂ ನಗದು ಬೇಕಾಗುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ.

ಚಳಿ ಹತ್ತುವುದು ಕಾಲಿನಿಂದ. ಎರಡು ಗಂಟೆ ಕಲ್ಲುಹಾಸಿನ ಮೇಲೆ ನಿಲ್ಲಬೇಕು. ದುಬಾರಿ ಜಾಕೆಟ್ ಹಾಕಿ ತೆಳು ಅಡಿಯ ಕ್ಯಾನ್ವಾಸ್ ಶೂನಲ್ಲಿ ಬಂದವರು ಅರ್ಧ ಗಂಟೆಗೆ ಹೊರಡುತ್ತಾರೆ. ದಪ್ಪ ಅಡಿ, ಉಣ್ಣೆಯ ಕಾಲುಚೀಲ, ಬೆರಳು ಆಡುವಷ್ಟು ಸಡಿಲವಾದ ಶೂ. ಬಿಗಿ ಶೂನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ಗಾಳಿಯ ಪದರವೇ ಇಲ್ಲದೆ ಇನ್ನೂ ಬೇಗ ಮರಗಟ್ಟುತ್ತದೆ.

ಸಸ್ಯಾಹಾರಿಗಳು ನೋಟಕ್ಕೆ ಮೋಸ ಹೋಗುವ ಜಾಗ ಇದು. ಗ್ರೂನ್‌ಕೋಲ್ ನೋಡಲು ನಮ್ಮ ಸೊಪ್ಪಿನ ಪಲ್ಯ, ಬೇಯಿಸುವುದು ಹಂದಿ ಕೊಬ್ಬು ಅಥವಾ ಸಾಸೇಜ್ ಹಾಕಿ. ಬೇಳೆ ಸೂಪಿನಲ್ಲೂ ಬಹುತೇಕ ಹಂದಿ ಮಾಂಸದ ತುಂಡು ಇರುತ್ತದೆ. ಅಣಬೆ ಬಾಣಲೆಯಲ್ಲಿ ಷ್ಪೆಕ್, ಅಂದರೆ ಹಂದಿ ಮಾಂಸದ ಚೂರು ಇದೆಯೇ ಕೇಳಿ. ಫ್ಲಾಮ್‌ಕೂಖೆನ್ ಎಂಬ ತೆಳು ರೊಟ್ಟಿ ಮಾಮೂಲಿಯಾಗಿ ಷ್ಪೆಕ್ ಜೊತೆಗೇ ಬರುತ್ತದೆ, "ಓನೆ ಷ್ಪೆಕ್" ಎಂದು ಹೇಳಬೇಕು. ಷ್ಮಾಲ್ಟ್ಸ್‌ಕೂಖೆನ್ ಎಂಬ ಸಿಹಿ ಬೋಂಡದ ಹೆಸರಿನಲ್ಲೇ ಹಂದಿ ಕೊಬ್ಬಿದೆ. ಈಗ ಹಲವರು ಎಣ್ಣೆಯಲ್ಲೇ ಕರಿಯುತ್ತಾರೆ, ಆದರೂ ಕೇಳಿಯೇ ತಿನ್ನಿ. ನಿಶ್ಚಿಂತೆಯಿಂದ ತಿನ್ನಬಹುದಾದ್ದು ಸುಟ್ಟ ಚೆಸ್ಟ್‌ನಟ್ ಮತ್ತು ಸಕ್ಕರೆ ಪಾಕದ ಬಾದಾಮಿ. ಆಲೂಗಡ್ಡೆ ತುರಿದು ಕರಿದ ರೈಬೆಕೂಖೆನ್ ಸೇಬಿನ ಗೊಜ್ಜಿನ ಜೊತೆ ರುಚಿ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ. ಮೊಟ್ಟೆ ತಿನ್ನದವರು "ಇಸ್ಟ್ ಡಾ ಐ ಡ್ರಿನ್?" ಎಂದು ಕೇಳಿ.

ಸಂತೆಯಾಚೆಯ ಕ್ರಿಸ್ಮಸ್ ಮನೆಯೊಳಗಿನದು. ಡಿಸೆಂಬರ್ 5ರ ರಾತ್ರಿ ಒರೆಸಿದ ಬೂಟನ್ನು ಬಾಗಿಲ ಹೊರಗಿಟ್ಟರೆ 6ರ ಬೆಳಿಗ್ಗೆ ಅದರಲ್ಲಿ ಚಾಕೊಲೇಟು, ಕಿತ್ತಳೆ. ಕೋಣೆ ಹಂಚಿಕೊಂಡಿರುವವರ ಬೂಟಿಗೆ ನೀವೇ ಮೊದಲು ಹಾಕಿ. ಗೆಳೆಯರ ಗುಂಪಿನಲ್ಲಿ ವಿಷ್ಟೆಲ್ನ್ ನಡೆಯುತ್ತದೆ, ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವುದು. ಬೆಲೆಯ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ, ಧಾರಾಳತನ ಇಲ್ಲಿ ಮುಜುಗರ ತರುತ್ತದೆ. 24ರ ಮಧ್ಯಾಹ್ನಕ್ಕೆ ಅಂಗಡಿಗಳು ಮುಚ್ಚಿ 25, 26 ಪೂರ್ತಿ ಬಂದ್. ಭಾನುವಾರ ಪಕ್ಕದಲ್ಲೇ ಬಂದರೆ ಮೂರೂವರೆ ದಿನದ ಹಾಲು-ಅಕ್ಕಿ ಮುಂಚೆಯೇ ತಂದಿಡಿ. ಹಾಸ್ಟೆಲ್ ಖಾಲಿಯಾಗುವ ವಾರ ಇದೇ; ಯಾರಾದರೂ ಮನೆಗೆ ಕರೆದರೆ ಸಂಕೋಚಪಟ್ಟು ಬೇಡವೆನ್ನಬೇಡಿ. ಇಲ್ಲಿನವರು ಉಪಚಾರಕ್ಕೆ ಕರೆಯುವುದು ಕಡಿಮೆ, ಎರಡನೆಯ ಸಲ ಒತ್ತಾಯಿಸುವುದು ಇನ್ನೂ ಕಡಿಮೆ.

ಕಾರ್ನೆವಾಲ್: ಕೂಗು ತಪ್ಪಬಾರದು

ವೇಷ ಹಾಕಿ ಮೆರವಣಿಗೆ ಹೋಗುವ ಕಾರ್ನೆವಾಲ್ ಹಬ್ಬದ ಕಾಲ ನವೆಂಬರ್ 11ರ ಬೆಳಿಗ್ಗೆ 11:11ಕ್ಕೆ ಶುರುವಾಗುತ್ತದಾದರೂ ಬೀದಿಗೆ ಇಳಿಯುವುದು ಫೆಬ್ರುವರಿ ಆಸುಪಾಸಿನ ಆರು ದಿನ: ವೈಬರ್‌ಫಾಸ್ಟ್‌ನಾಖ್ಟ್ ಎಂಬ ಗುರುವಾರದಿಂದ, ಕ್ರೈಸ್ತರ ಉಪವಾಸ ಶುರುವಾಗುವ ಬೂದಿ ಬುಧವಾರದ ಮುನ್ನಾದಿನದವರೆಗೆ. ಮುಖ್ಯ ಮೆರವಣಿಗೆಯ ಸೋಮವಾರ, ರೋಸೆನ್‌ಮೊಂಟಾಗ್, ಈಸ್ಟರ್‌ಗೆ 48 ದಿನ ಮುಂಚೆ. 2027ರಲ್ಲಿ ಫೆಬ್ರುವರಿ 8. ಸೆಮಿಸ್ಟರ್ ಪರೀಕ್ಷೆಗಳೂ ಅದೇ ಹೊತ್ತಿಗೆ. ರೈನ್ ತೀರದ ಊರುಗಳಲ್ಲಿ ವಿಶ್ವವಿದ್ಯಾಲಯವೇ ಸೋಮವಾರ ಬಿಡುವು ಕೊಡುತ್ತದೆ, ಬರ್ಲಿನ್‌ನಲ್ಲೋ ಹ್ಯಾಂಬರ್ಗ್‌ನಲ್ಲೋ ಓದುವವರು ಪರೀಕ್ಷೆಯ ದಿನ ನೋಡಿಕೊಂಡೇ ರೈಲು ಹತ್ತಿ. ವಿದ್ಯಾರ್ಥಿಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಪ್ರಾದೇಶಿಕ ರೈಲುಗಳಲ್ಲಿ ಬೇರೆ ಖರ್ಚಿಲ್ಲ. ಅದೇ ಟಿಕೆಟ್ ಹಿಡಿದು ಐಸಿಇ ಎಂಬ ವೇಗದ ರೈಲು ಹತ್ತಿದರೆ ದಂಡ.

ಕಲೋನ್‌ನಲ್ಲಿ ಕೂಗು "ಆಲಾಫ್", ಡ್ಯೂಸೆಲ್‌ಡಾರ್ಫ್ ಮತ್ತು ಮೈಂಜ್‌ನಲ್ಲಿ "ಹೆಲಾವ್". ಕಲೋನ್‌ನಲ್ಲಿ ನಿಂತು ಹೆಲಾವ್ ಎಂದರೆ ನಗುತ್ತಲೇ ಬೈಯುತ್ತಾರೆ. ವೇಷ ಹಾಕಿಯೇ ಹೋಗಬೇಕು. ಮಾಮೂಲಿ ಬಟ್ಟೆಯಲ್ಲಿ ನಿಂತರೆ ನೀವೇ ವಿಚಿತ್ರ. ದುಬಾರಿಯದು ಬೇಡ, ದಪ್ಪ ಸ್ವೆಟರಿನ ಮೇಲೆ ಹಾಕಿಕೊಳ್ಳುವಷ್ಟು ದೊಗಲೆ ಇರಲಿ, ಏಕೆಂದರೆ ಕಲೋನ್‌ನ ಮೆರವಣಿಗೆ ಒಂದು ಜಾಗ ದಾಟಲು ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ರಥಗಳಿಂದ ಮಿಠಾಯಿ ಎಸೆಯುತ್ತಾರೆ, "ಕಮೆಲ್ಲೆ!" ಎಂದು ಕೂಗಬೇಕು. ಅನುಭವಿಗಳು ಕೊಡೆಯನ್ನು ತಲೆಕೆಳಗಾಗಿ ಹಿಡಿಯುತ್ತಾರೆ. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಾಟಿನ್ ಇರುತ್ತದೆ, ಸಸ್ಯಾಹಾರಿಗಳು ಮಕ್ಕಳಿಗೆ ದಾಟಿಸಿಬಿಡಿ. ನೂಕುನುಗ್ಗಲು ಬೇಡವೆಂದರೆ ಶಾಲೆ ಮತ್ತು ಬಡಾವಣೆಗಳವರು ಭಾನುವಾರ ನಡೆಸುವ ಮೆರವಣಿಗೆಗೆ ಹೋಗಿ. ಸೋಮವಾರದ್ದಕ್ಕಿಂತ ಇದೇ ಚೆನ್ನ ಎನ್ನುವವರೂ ಇದ್ದಾರೆ.

ಗುರುವಾರ ಹೆಂಗಸರ ದಿನ. ಕತ್ತರಿ ಹಿಡಿದು ಗಂಡಸರ ಟೈ ಕತ್ತರಿಸುತ್ತಾರೆ, ಒಳ್ಳೆಯ ಟೈ ಹಾಕಿಕೊಂಡು ಹೋದದ್ದು ನಿಮ್ಮ ತಪ್ಪು. ಕೆನ್ನೆಗೊಂದು ಮುತ್ತು ಕೊಡುವ ರೂಢಿಯೂ ಇದೆ. ಎದುರಿನವರು ಒಪ್ಪಿದರೆ ಮಾತ್ರ, ನಿಮಗೆ ಬೇಡವೆಂದರೆ ಒಂದು "ನೈನ್" ಸಾಕು. ಕಲೋನ್‌ನ ಹಳೆಯ ಪಬ್‌ಗಳಲ್ಲಿ ಬಿಯರ್ 0.2 ಲೀಟರಿನ ಸಣ್ಣ ಗಾಜಿನಲ್ಲಿ ಬರುತ್ತದೆ. ಗಾಜು ಖಾಲಿಯಾದರೆ ಪರಿಚಾರಕ ಕೇಳದೆಯೇ ಇನ್ನೊಂದು ಇಟ್ಟು, ಅದರಡಿಯ ರಟ್ಟಿನ ಬಿಲ್ಲೆಯ ಮೇಲೆ ಲೆಕ್ಕಕ್ಕೆ ಗೆರೆ ಎಳೆಯುತ್ತಾನೆ. ನಿಲ್ಲಿಸಲು ಒಂದೇ ಉಪಾಯ: ಆ ರಟ್ಟಿನ ಬಿಲ್ಲೆಯನ್ನು ಗಾಜಿನ ಮೇಲೆ ಮುಚ್ಚಿಡಬೇಕು. ಕೆಲವು ಬೀದಿಗಳಿಗೆ ಗಾಜಿನ ಬಾಟಲಿ ನಿಷಿದ್ಧ. ಬಯಲಲ್ಲಿ ಮೂತ್ರ ಮಾಡಿದರೆ ದಂಡ ಖಚಿತ.

ಮಂಗಳವಾರ ನಡುರಾತ್ರಿ ಪಬ್‌ಗಳ ಮುಂದೆ ನುಬ್ಬೆಲ್ ಎಂಬ ಹುಲ್ಲಿನ ಬೊಂಬೆಯನ್ನು ಸುಡುತ್ತಾರೆ. ಆರು ದಿನದ ಕುಡಿತ, ಖರ್ಚು, ಚೇಷ್ಟೆಯ ಪಾಪವೆಲ್ಲ ಅವನ ತಲೆಗೆ. ಕಾಮದಹನ ನೋಡಿ ಬೆಳೆದವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾಟಕ, ಸಿನಿಮಾ

ಜರ್ಮನಿಯ ನಗರ ರಂಗಮಂದಿರಗಳು, ಒಪೆರಾಗಳು (ಹಾಡಿನಲ್ಲೇ ನಡೆಯುವ ನಾಟಕ) ಬಹುಪಾಲು ಸರ್ಕಾರದ ಹಣದಲ್ಲಿ ನಡೆಯುತ್ತವೆ, ಹಾಗಾಗಿ ವಿದ್ಯಾರ್ಥಿಗೆ ದೊಡ್ಡ ರಿಯಾಯಿತಿ. ಮೊದಲು ನಿಮ್ಮ ವಿದ್ಯಾರ್ಥಿ ಸಂಘದ ಪುಟ ನೋಡಿ. ಕೆಲವು ನಗರಗಳಲ್ಲಿ ಸೆಮಿಸ್ಟರ್ ಶುಲ್ಕದಲ್ಲೇ ರಂಗಮಂದಿರದ ಪ್ರವೇಶ ಸೇರಿರುತ್ತದೆ, ಹಣ ಕಟ್ಟಿದವರಿಗೇ ಅದು ಗೊತ್ತಿರುವುದಿಲ್ಲ. ಇಲ್ಲವಾದರೆ ಪ್ರದರ್ಶನಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಆಬೆಂಡ್‌ಕಾಸೆ ಎಂಬ ಸಂಜೆಯ ಕೌಂಟರಿನಲ್ಲಿ ಉಳಿದ ಟಿಕೆಟ್ ಕೇಳಿ. ಭಾಷೆ ಬಾರದವರು ಒಪೆರಾದಿಂದ ಆರಂಭಿಸಬಹುದು, ವೇದಿಕೆಯ ಮೇಲ್ಗಡೆ ಹಾಡಿನ ಸಾಹಿತ್ಯ ಅಕ್ಷರದಲ್ಲಿ ಮೂಡುತ್ತದೆ, ದೊಡ್ಡ ನಗರಗಳಲ್ಲಿ ಇಂಗ್ಲಿಷಿನಲ್ಲೂ.

ಕೋಟು, ದೊಡ್ಡ ಚೀಲ ಒಳಗೆ ಒಯ್ಯುವಂತಿಲ್ಲ, ಗಾರ್ಡರೋಬೆಯಲ್ಲಿ ಕೊಡಬೇಕು. ತಡವಾದರೆ ಬಾಗಿಲು ತೆರೆಯುವುದಿಲ್ಲ, ವಿರಾಮದವರೆಗೆ ಹೊರಗೇ. ಕೂತವರ ಮುಂದೆ ದಾಟಿ ಹೋಗುವಾಗ ಅವರಿಗೆ ಬೆನ್ನು ತೋರಿಸದೆ ಮುಖ ಮಾಡಿ ದಾಟುವುದು ಮರ್ಯಾದೆ. ಸಂಗೀತ ಕಛೇರಿಯಲ್ಲಿ ಒಂದು ಕೃತಿಯ ಭಾಗಗಳ ನಡುವೆ ಚಪ್ಪಾಳೆ ಇಲ್ಲ. ನಮ್ಮ ಸಭೆಯ "ಭಲೇ", ತಲೆದೂಗು, ತಾಳ ಯಾವುದೂ ಇಲ್ಲ, ಕೆಮ್ಮನ್ನೂ ಭಾಗ ಮುಗಿಯುವವರೆಗೆ ತಡೆದುಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಮಾತ್ರ ಐದಾರು ನಿಮಿಷ ಬಿಡದೆ ಚಪ್ಪಾಳೆ.

ಸಿನಿಮಾಕ್ಕೆ ಹೋಗುವವರು ಹೆಸರಿನ ಪಕ್ಕದ ಅಕ್ಷರ ನೋಡಬೇಕು. ಏನೂ ಇಲ್ಲದಿದ್ದರೆ ಜರ್ಮನ್ ಡಬ್ಬಿಂಗ್. ಓವಿ ಎಂದರೆ ಮೂಲ ಭಾಷೆ, ಓಎಂಯು ಎಂದರೆ ಮೂಲ ಭಾಷೆಗೆ ಜರ್ಮನ್ ಅಡಿಬರಹ, ನಡುವೆ ಇನ್ನೊಂದು ಸಣ್ಣ 'ಇ' ಇದ್ದರೆ ಇಂಗ್ಲಿಷ್ ಅಡಿಬರಹ. ಕನ್ನಡ ಚಿತ್ರಗಳು ಬಂದಾಗಲೂ ಹೆಚ್ಚಾಗಿ ಇದೇ ಕೊನೆಯ ಬಗೆ, ಬಹುತೇಕ ವಾರಾಂತ್ಯದ ಒಂದೆರಡು ಆಟ ಮಾತ್ರ. ನಗರದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಸುದ್ದಿ ಬರುತ್ತದೆ. ಉದ್ದದ ಚಿತ್ರಕ್ಕೆ ಹೆಚ್ಚುವರಿ ದರ ಸೇರಿಸುವ ರೂಢಿ ಇದೆ, ನಮ್ಮ ಚಿತ್ರಗಳಿಗೆ ಅದು ತಪ್ಪಿದ್ದಲ್ಲ. ಪಾಪ್‌ಕಾರ್ನ್ ಸುಮ್ಮನೆ ಕೇಳಿದರೆ ಸಿಹಿಯದು ಕೊಡುತ್ತಾರೆ. ಉಪ್ಪಿನದು ಬೇಕೆಂದರೆ "ಸಾಲ್ಸಿಗ್".

ಸೌನಾ

ಮರದ ಬಿಸಿ ಕೋಣೆಯಲ್ಲಿ ಕೂತು ಬೆವರುವುದೇ ಸೌನಾ. ಜರ್ಮನ್ನರ ಚಳಿಗಾಲದ ನಿಜವಾದ ಮನರಂಜನೆ ಇದು, ನಮ್ಮವರು ಹೆಚ್ಚು ಬೆಚ್ಚಿಬೀಳುವುದೂ ಇಲ್ಲೇ. ಗಂಡು, ಹೆಣ್ಣು ಒಟ್ಟಿಗೆ, ಮೈಮೇಲೆ ಬಟ್ಟೆ ಇಲ್ಲ. ಈಜುಡುಗೆ ಹಾಕಿ ಒಳಗೆ ಹೋದರೆ ಹೊರಗೆ ಕಳಿಸುತ್ತಾರೆ, ಒದ್ದೆ ಬಟ್ಟೆ ಸ್ವಚ್ಛವಲ್ಲ ಎಂಬ ಕಾರಣಕ್ಕೆ. ಮನಸ್ಸು ಒಪ್ಪದಿದ್ದರೆ ಹೋಗಲೇಬೇಕೆಂದಿಲ್ಲ. ಹೆಂಗಸರಿಗೆ ಮಾತ್ರ ಇರುವ ದಿನಗಳೂ ಇವೆ, ದೊಡ್ಡ ಟವೆಲ್ ಸುತ್ತಿಕೊಂಡಿದ್ದರೂ ಹೆಚ್ಚಿನ ಕಡೆ ಯಾರೂ ಏನೂ ಅನ್ನುವುದಿಲ್ಲ.

ಎರಡು ಟವೆಲ್, ಒಂದು ನಿಲುವಂಗಿ, ಚಪ್ಪಲಿ ಒಯ್ಯಿರಿ. ಮೊದಲು ಸೋಪು ಹಾಕಿ ಸ್ನಾನ, ಆಮೇಲೆ ಮೈ ಪೂರ್ತಿ ಒರೆಸಿಕೊಳ್ಳಬೇಕು. ಒದ್ದೆ ಮೈ ಬೆವರಲು ತಡ ಮಾಡುತ್ತದೆ. ಫಿನ್ನಿಶ್ ಸೌನಾ 80ರಿಂದ 100 ಡಿಗ್ರಿ, ಮೊದಲ ಸಲ ಕೆಳ ಮೆಟ್ಟಿಲಲ್ಲಿ ಕೂರಿ, ಮೇಲೆ ಹೋದಷ್ಟೂ ಬಿಸಿ. 50-60 ಡಿಗ್ರಿಯ ಬಯೋ ಸೌನಾ ಇದ್ದರೆ ಅಲ್ಲಿಂದ ಶುರು ಮಾಡಿ. ಟವೆಲ್ಲನ್ನು ಪಾದದ ಕೆಳಗೂ ಬರುವಂತೆ ಹಾಸಿ, ಬೆವರು ಮರಕ್ಕೆ ತಾಗಬಾರದು. ಎಂಟರಿಂದ ಹನ್ನೆರಡು ನಿಮಿಷ ಸಾಕು. ಹೊರಗೆ ಬಂದು ತಣ್ಣೀರು, ಕಾಲಿನಿಂದ ಮೇಲಕ್ಕೆ. ಆಮೇಲೆ ಹದಿನೈದು ನಿಮಿಷ ಸುಮ್ಮನೆ ಮಲಗಿ, ನೀರು ಕುಡಿಯಿರಿ. ಹೀಗೆ ಎರಡು ಮೂರು ಸುತ್ತು. ಬಿಸಿ ಕಲ್ಲಿಗೆ ನೀರು ಸುರಿದು ಟವೆಲ್ ಬೀಸುವ ಔಫ್‌ಗುಸ್ ನಡೆಯುವಾಗ ಬಾಗಿಲು ತೆಗೆಯುವುದು ಮಹಾಪರಾಧ. ತಲೆ ಸುತ್ತಿದರೆ ಮಾತ್ರ ಯಾರನ್ನೂ ಕೇಳದೆ ಎದ್ದು ಬನ್ನಿ. ಫೋನ್ ಲಾಕರಿನಲ್ಲೇ ಇರಲಿ. ಯಾರೂ ಯಾರನ್ನೂ ನೋಡುವುದಿಲ್ಲ. ನೋಡದಿರುವುದೇ ಇಲ್ಲಿನ ಉಡುಪು.

ಮನೆಗೆ ಕರೆದಾಗ

ಏಳು ಗಂಟೆ ಎಂದರೆ ಏಳಕ್ಕೇ, ಐದು ನಿಮಿಷ ತಡವಾದೀತು, ಮುಂಚೆ ಬೇಡ. "ಏನಾದರೂ ತರಲೇ?" ಎಂದು ಕೇಳಿ, ಏನೂ ಬೇಡವೆಂದರೂ ಸಣ್ಣದೊಂದು ಒಯ್ಯಿರಿ, ನಾಲ್ಕು ಚಕ್ಕುಲಿ ಒಂದು ಬಾಟಲಿ ವೈನಿಗಿಂತ ಹೆಚ್ಚು ಮಾತು ಹುಟ್ಟಿಸುತ್ತದೆ. ಮಾಂಸ ತಿನ್ನುವುದಿಲ್ಲ ಎಂಬುದನ್ನು ಕರೆದ ದಿನವೇ ಹೇಳಿ, ಊಟಕ್ಕೆ ಕೂತಾಗ ಅಲ್ಲ. ಗ್ಲಾಸು ತಾಗಿಸುವಾಗ ಕಣ್ಣು ನೋಡಬೇಕು, ಒಬ್ಬೊಬ್ಬರನ್ನೂ. ನಿಮ್ಮ ಹುಟ್ಟುಹಬ್ಬಕ್ಕೆ ಲ್ಯಾಬಿಗೆ ಕೇಕ್ ತರಬೇಕಾದವರು ನೀವೇ. ಇನ್ನೊಬ್ಬರ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಶುಭಾಶಯ ಹೇಳಿದರೆ ಅಪಶಕುನ. ರಾತ್ರಿ ಹನ್ನೆರಡು ದಾಟುವವರೆಗೆ ಕಾಯುತ್ತಾರೆ. ಕುಡಿಯದವರಿಗೆ ಹೇಳಿ ಮಾಡಿಸಿದ್ದು ಷ್ಪೀಲೆಆಬೆಂಡ್, ಬೋರ್ಡ್ ಆಟದ ಸಂಜೆ. ಆಟಗಳಿಗೆ 1979ರಿಂದ ವರ್ಷದ ಪ್ರಶಸ್ತಿ ಕೊಡುವ ದೇಶ ಇದು. ನೀವು ಕರೆದರೆ ರಾತ್ರಿ ಹತ್ತರ ಮೇಲೆ ಸದ್ದು ಇಳಿಸಿ, ಗಲಾಟೆ ಇದೆಯೆಂದಿದ್ದರೆ ಹಿಂದಿನ ದಿನ ಮೆಟ್ಟಿಲ ಬಳಿ ನೆರೆಯವರಿಗೆ ಒಂದು ಚೀಟಿ ಅಂಟಿಸಿ.

ಬೇಸಿಗೆ

ಏಪ್ರಿಲ್ 30ರ ರಾತ್ರಿ ಮೇ ತಿಂಗಳಿನೊಳಗೆ ಕುಣಿಯುತ್ತ ಹೋಗುವುದು. ರೈನ್ ಕಡೆ ಹುಡುಗರು ಬಣ್ಣದ ಕಾಗದ ಸುತ್ತಿದ ಬರ್ಚ್ ಮರವನ್ನು ಮೆಚ್ಚಿದ ಹುಡುಗಿಯ ಮನೆ ಮುಂದೆ ಕಟ್ಟುತ್ತಾರೆ, ಅಧಿಕ ವರ್ಷದಲ್ಲಿ ಹುಡುಗಿಯರ ಸರದಿ. ಮೇಯಿಂದ ತೆರೆದ ಈಜುಕೊಳಗಳು. ಈಜು ಬಾರದವರು ಅಲ್ಲೇ ಕಲಿಯಿರಿ; ನೋಡಲು ಶಾಂತವಾಗಿರುವ ರೈನ್ ನದಿಯಲ್ಲಿ ಮಾತ್ರ ಇಳಿಯಬೇಡಿ, ಹಡಗು ಹೋದಾಗ ಎದ್ದ ಸೆಳೆತ ಮೊಣಕಾಲು ನೀರಿನಲ್ಲಿ ನಿಂತವರನ್ನೂ ಎಳೆಯುತ್ತದೆ.

ಟ್ಯೂಬಿಂಗೆನ್‌ಗೆ ಒಂದು ಸಲ ಹೋಗಿ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದ ಫರ್ಡಿನಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು. ಹೋಗುವುದಾದರೆ ಈಸ್ಟರ್ ಆಗಿ 60ನೇ ದಿನ ಬರುವ ಫ್ರೋನ್‌ಲೈಖ್ನಾಮ್ ಗುರುವಾರಕ್ಕೆ ಹೊಂದಿಸಿಕೊಳ್ಳಿ, 2027ರಲ್ಲಿ ಮೇ 27. ಅಂದು ನೆಕ್ಕರ್ ನದಿಯಲ್ಲಿ ವಿದ್ಯಾರ್ಥಿ ತಂಡಗಳು ಉದ್ದನೆಯ ಕೋಲು ಊರಿ ನಡೆಸುವ ಚಪ್ಪಟೆ ದೋಣಿಗಳ ಪಂದ್ಯ. ವೇಷಗಳ ಮೆರವಣಿಗೆ ಮೊದಲು, ಪಂದ್ಯ ಆಮೇಲೆ. ದೋಣಿಗಳು ಸೇತುವೆಯ ಕಂಬದ ಬಳಿ ಸಿಕ್ಕಿಹಾಕಿಕೊಂಡು ಒಂದಕ್ಕೊಂದು ಗುದ್ದುವುದನ್ನು ನೋಡಲು ದಡದಲ್ಲಿ ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ. ಸೋತ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಸಾರ್ವಜನಿಕ ರಜೆಯಾದ್ದರಿಂದ ಅಂದು ಅಂಗಡಿ ಇರುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ.